ಪಕ್ಕದ ಗಾಣದಲ್ಲಿ 240, ನನ್ನಲ್ಲಿ 320: ನಾನೂ ಬೆರೆಸಲೇ?

ಪ್ರಶ್ನೆ: ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿ ನಾಲ್ಕು ವರ್ಷದಿಂದ ಗಾಣ ನಡೆಸುತ್ತಿದ್ದೇನೆ ಸರ್. ಶೇಂಗಾ ಎಣ್ಣೆ ತಿಂಗಳಿಗೆ 300 ಲೀಟರ್ ಹೋಗುತ್ತದೆ. ಬೀಜ ಕೆಜಿಗೆ 125ರಂತೆ ತರುತ್ತೇನೆ, ಹಿಂಡಿ 45ಕ್ಕೆ ಹೋಗುತ್ತದೆ. ಕೂಲಿ, ಕರೆಂಟು, ಬಾಡಿಗೆ, ಬಾಟಲಿ, ಸ್ಟಿಕ್ಕರ್ ಎಲ್ಲ ಸೇರಿ ಲೀಟರ್‌ಗೆ 48 ರೂಪಾಯಿ ಖರ್ಚು. ಮಾರುವುದು 320ಕ್ಕೆ. ಆರು ತಿಂಗಳ ಹಿಂದೆ ಮೂರು ಕಿಲೋಮೀಟರ್ ಆಚೆ ಇನ್ನೊಬ್ಬರು ಗಾಣ ಹಾಕಿ 'ಶುದ್ಧ ಗಾಣದ ಎಣ್ಣೆ 240' ಎಂದು ಬೋರ್ಡು ಬರೆಸಿದರು. ನನ್ನ ಗಿರಾಕಿಗಳು ಹೋಗುತ್ತಿದ್ದಾರೆ. ಎಣ್ಣೆ ಏಜೆಂಟ್ ಒಬ್ಬ ಬಂದು 'ಪಾಮೊಲೀನ್ (ತಾಳೆ ಎಣ್ಣೆ) 130ಕ್ಕೆ ಕೊಡ್ತೀನಿ, ನೂರಕ್ಕೆ ಇಪ್ಪತ್ತು ಸೇರಿಸಿದ್ರೆ ಯಾರಿಗೂ ಗೊತ್ತಾಗಲ್ಲ' ಎಂದ. ಅಪ್ಪ 'ಎಲ್ರೂ ಮಾಡೋದೇ, ನೀನೊಬ್ಬ ಹರಿಶ್ಚಂದ್ರ ಆಗಿ ಏನ್ ಮಾಡ್ತೀಯ' ಅನ್ನುತ್ತಾರೆ. ನಾನು ಇಲ್ಲಿಯವರೆಗೆ ಮೋಸ ಮಾಡಿಲ್ಲ. ಹೆಚ್ಚೆಂದರೆ ಕಡಿಮೆಗೆ ಸಿಗುವ ಒಡಕು, ಕಪ್ಪು ಬೀಜವನ್ನು ಸ್ವಲ್ಪ ಸೇರಿಸಿ ಅರೆಯುತ್ತೇನೆ, ಅದೂ ಶೇಂಗಾವೇ. ನೀತಿಯಿಂದ ವ್ಯಾಪಾರ ಮಾಡಿದರೆ ಬದುಕಲು ಆಗುತ್ತದೆಯೇ? ಅಧಿಕಾರಿಗಳು ಹಬ್ಬಕ್ಕೆ ಎಣ್ಣೆ ಕೇಳಿದರೆ ಏನು ಮಾಡಬೇಕು? ಸ್ಟಿಕ್ಕರ್‌ನ ಫೋಟೊ ಕಳಿಸಿದ್ದೇನೆ, ನೋಡಿ.

ಉತ್ತರ: ನಾನು ಆಡಿಟರ್. ಮೂವತ್ತು ವರ್ಷದಿಂದ ವ್ಯಾಪಾರಿಗಳ ಲೆಕ್ಕದ ಪುಸ್ತಕ ನೋಡುವುದೇ ಕಸುಬು. ನೀತಿಯ ಮಾತನ್ನೂ ಲೆಕ್ಕದ ಮೂಲಕವೇ ಹೇಳಿ ಅಭ್ಯಾಸ. ನೀವು ಅಂಕಿ ಕೊಟ್ಟಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ.

ನೂರು ಕೆಜಿ ಬೀಜಕ್ಕೆ 12,500. ಮರದ ಗಾಣದಲ್ಲಿ ನೂರಕ್ಕೆ ನಲವತ್ತು ಕೆಜಿ ಎಣ್ಣೆ ಬಂದರೆ ಒಳ್ಳೆಯ ಇಳುವರಿ. ಶೇಂಗಾ ಎಣ್ಣೆ ಲೀಟರ್‌ಗೆ ಸುಮಾರು 910 ಗ್ರಾಂ ತೂಗುತ್ತದೆ, ಹಾಗಾಗಿ ನಲವತ್ತು ಕೆಜಿ ಅಂದರೆ 44 ಲೀಟರ್. ಹಿಂಡಿ 57 ಕೆಜಿ ಹಿಡಿಯಿರಿ, 2,565 ರೂಪಾಯಿ ವಾಪಸ್ ಬಂತು. ಉಳಿದ 9,935ನ್ನು 44ರಿಂದ ಭಾಗಿಸಿದರೆ ಲೀಟರ್‌ಗೆ 226. ಅದಕ್ಕೆ ನಿಮ್ಮ 48 ಸೇರಿಸಿದರೆ 274. ಮಾರುವುದು 320, ಉಳಿಯುವುದು 46. ತಿಂಗಳಿಗೆ 13,800. ಮನೆ ನಡೆಸಲು ಇದು ಸಾಲದು, ನಿಮ್ಮ ಸಂಕಟ ಅರ್ಥವಾಗುತ್ತದೆ.

ಈಗ ಏಜೆಂಟ್ ಹೇಳಿದ ಲೆಕ್ಕ. 300 ಲೀಟರ್‌ನಲ್ಲಿ ಇಪ್ಪತ್ತು ಪರ್ಸೆಂಟ್ ಅಂದರೆ 60 ಲೀಟರ್ ಪಾಮೊಲೀನ್. ಒಂದೊಂದು ಲೀಟರ್‌ಗೆ 226ರ ಬದಲು 130, ಉಳಿತಾಯ 96. ಅರವತ್ತಕ್ಕೆ 5,760 ರೂಪಾಯಿ. ಇಷ್ಟೇ. ಅವನು ಈ ಅಂಕಿಯನ್ನು ನಿಮಗೆ ಹೇಳಲಿಲ್ಲ, 'ಯಾರಿಗೂ ಗೊತ್ತಾಗಲ್ಲ' ಎಂದಷ್ಟೇ ಹೇಳಿದ. ಆಹಾರ ಸುರಕ್ಷತೆ ಕಾಯಿದೆ 2006ರ ಪ್ರಕಾರ ಕಳಪೆ ಆಹಾರ ಮಾರಿದರೆ 5 ಲಕ್ಷದವರೆಗೆ, ತಪ್ಪು ಲೇಬಲ್ ಹಾಕಿದರೆ 3 ಲಕ್ಷದವರೆಗೆ ದಂಡ. ಗೊತ್ತಾಗುವುದೂ ಕಷ್ಟವಲ್ಲ. ಎಣ್ಣೆ ಯಾವುದೆಂದು ಗುರುತಿಸಲು ಲ್ಯಾಬಿನಲ್ಲಿ ತೆಗೆಯುವ ಅಂಕಿಗೆ ಅಯೋಡಿನ್ ವ್ಯಾಲ್ಯೂ ಎನ್ನುತ್ತಾರೆ. ಶೇಂಗಾ ಎಣ್ಣೆಯದು 85ರಿಂದ 99ರೊಳಗೆ ಇರಬೇಕು, ಪಾಮೊಲೀನ್‌ನದು 60ರ ಆಸುಪಾಸು. ಬೆರೆಸಿದರೆ ಅಂಕಿ ಇಳಿಯುತ್ತದೆ. ಅಷ್ಟರಲ್ಲಿ ತಪ್ಪಿಸಿಕೊಂಡರೂ ಕೊಬ್ಬಿನಾಮ್ಲಗಳನ್ನು ಬೇರೆ ಬೇರೆಯಾಗಿ ತೋರಿಸುವ ಯಂತ್ರ ದೊಡ್ಡ ಲ್ಯಾಬ್‌ಗಳಲ್ಲಿ ಇದೆ.

ಆದರೆ ದಂಡದ ಹೆದರಿಕೆಯಿಂದ ಬೆರೆಸಬೇಡಿ ಎನ್ನುವುದು ನನ್ನ ಉತ್ತರವಲ್ಲ. ಹೆದರಿಕೆ ಒಂದು ವರ್ಷ ಇರುತ್ತದೆ, ಯಾರೂ ತಪಾಸಣೆಗೆ ಬರದಿದ್ದರೆ ಎರಡನೆಯ ವರ್ಷಕ್ಕೆ ಹೋಗಿರುತ್ತದೆ.

ಕಾಫಿಪುಡಿ ಅಂಗಡಿಯನ್ನು ನೆನಪಿಸಿಕೊಳ್ಳಿ. ಚಿಕೋರಿ ಎಷ್ಟು ಹಾಕಲಿ ಎಂದು ಕೇಳಿಯೇ ಹಾಕುತ್ತಾನೆ. ಎಂಬತ್ತು ಇಪ್ಪತ್ತು ಬೇಕಾದವರು ಅದನ್ನು ಕೇಳಿ ಒಯ್ಯುತ್ತಾರೆ, ಬರೀ ಕಾಫಿ ಬೇಕಾದವರು ಜಾಸ್ತಿ ಕೊಡುತ್ತಾರೆ. ಪ್ಯಾಕೆಟ್ ಮೇಲೆ ಬರೆದು, ಕಾಫಿ 51ಕ್ಕಿಂತ ಕಡಿಮೆಯಾಗದ ಹಾಗೆ ನೋಡಿಕೊಂಡರೆ ಕಾನೂನೂ ಒಪ್ಪುತ್ತದೆ. ಬೆರೆಸುವುದೇ ಪಾಪವಾಗಿದ್ದರೆ ಮೈಸೂರು ಸೀಮೆಯ ಅರ್ಧ ಅಡುಗೆಮನೆಗಳು ಪಾಪದಲ್ಲೇ ಬೆಳಗು ಕಾಣಬೇಕಿತ್ತು. ಎಣ್ಣೆಯಲ್ಲೂ ಹಾಗೆಯೇ. ಬೇರೆ ಬೇರೆ ಎಣ್ಣೆ ಬೆರೆಸಿ, ಪರವಾನಗಿ ಪಡೆದು, ಲೇಬಲ್ ಮೇಲೆ ಹೇಳಿ ಮಾರುವುದಕ್ಕೆ ನಿಯಮದಲ್ಲಿ ಅವಕಾಶವಿದೆ. ಏಜೆಂಟ್ ನಿಮಗೆ ಮಾರಲು ಬಂದದ್ದು ಪಾಮೊಲೀನನ್ನಲ್ಲ, 'ಗೊತ್ತಾಗಲ್ಲ' ಎನ್ನುವುದನ್ನು. ಗಿರಾಕಿಯ ಎದುರಿಗೆ ನಿಂತು 'ಇದರಲ್ಲಿ ಇಪ್ಪತ್ತು ಪಾಮೊಲೀನ್ ಇದೆ, ರೇಟು 320' ಎಂದು ಬಾಯಿಬಿಟ್ಟು ಹೇಳಲು ಆಗುತ್ತದೆಯೇ ನೋಡಿ. ಆಗುವುದಾದರೆ ಮಾಡಿ.

ಗುಟ್ಟಾಗಿ ಬೆರೆಸುವುದರಲ್ಲಿ ಇನ್ನೊಂದು ಅಪಾಯವಿದೆ. ಬೆರೆಸುವವನಿಗೂ ತಾನು ಏನು ಬೆರೆಸುತ್ತಿದ್ದೇನೆ ಎಂದು ಗೊತ್ತಿರುವುದಿಲ್ಲ. ಬಿಲ್ಲಿಲ್ಲದೆ ಬಂದ ಡ್ರಮ್ಮಿನಲ್ಲಿ ಏಜೆಂಟ್ ಹೇಳಿದ್ದೇ ಇದೆ ಎನ್ನುವುದಕ್ಕೆ ಏನು ಗ್ಯಾರಂಟಿ? 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಣ್ಣೆ ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಹಳದಿ ಹೂವು ಬಿಡುವ ಮುಳ್ಳುಗಿಡ ಅದು, ನಮ್ಮ ಬೀಳು ಹೊಲಗಳಲ್ಲೂ ಇದೆ. ಎಣ್ಣೆ ಮಾರಿದ ಎಷ್ಟೋ ಕಿರಾಣಿ ಅಂಗಡಿಯವರಿಗೆ ತಾವು ಮಾರುತ್ತಿರುವುದು ಏನು ಎಂದೇ ತಿಳಿದಿರಲಿಕ್ಕಿಲ್ಲ.

ಇಲ್ಲಿಯವರೆಗಿನ ಭಾಗ ಸುಲಭ. ನೀವು ಕೇಳಿದ್ದು ಪಾಮೊಲೀನ್ ಬಗ್ಗೆ, ನನ್ನ ಕಣ್ಣು ನಿಂತದ್ದು 'ಕಪ್ಪು ಬೀಜ ಸ್ವಲ್ಪ ಸೇರಿಸುತ್ತೇನೆ, ಅದೂ ಶೇಂಗಾವೇ' ಎಂದ ಕಡೆ.

ಶೇಂಗಾಕ್ಕೆ ಕೊನೆಯ ಹಂತದಲ್ಲಿ ಮಳೆ ಕೈಕೊಟ್ಟರೆ, ಅಥವಾ ಕಿತ್ತು ಹಾಕಿದ ಮೇಲೆ ಮಳೆ ಬಿದ್ದರೆ, ಬೀಜಕ್ಕೆ ಒಂದು ಜಾತಿಯ ಬೂಷ್ಟು ಹಿಡಿಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಈ ಎರಡರಲ್ಲಿ ಒಂದು ಆಗದ ವರ್ಷ ಕಡಿಮೆ. ಆ ಬೂಷ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಯಕೃತ್ತಿಗೆ ಹಾನಿ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರ್. ಅಡುಗೆಯ ಕಾವಿಗೆ ಅದು ಪೂರ್ತಿ ಹೋಗುವುದಿಲ್ಲ. ಇದು ಗೊತ್ತಾದದ್ದೇ ಶೇಂಗಾ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣವೇ ತಿಳಿಯದೆ ಸತ್ತವು. ಹುಡುಕಿದರೆ ಅವುಗಳ ಮೇವಿನಲ್ಲಿ ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ ಇತ್ತು.

ರಿಫೈನರಿಯಲ್ಲಿ ಕ್ಷಾರ ಹಾಕಿ, ಬ್ಲೀಚ್ ಮಾಡಿ ತೆಗೆಯುವಾಗ ಎಣ್ಣೆಯಲ್ಲಿನ ಈ ವಿಷ ಹೆಚ್ಚುಕಡಿಮೆ ಹೋಗುತ್ತದೆ. ಗಾಣದಲ್ಲಿ ಅಂಥದ್ದೇನೂ ಮಾಡುವುದಿಲ್ಲ, ಅದೇ ನಿಮ್ಮ ಎಣ್ಣೆಯ ಹೆಗ್ಗಳಿಕೆ. ಹಾಗಾಗಿ ಬೀಜದಲ್ಲಿ ಇದ್ದದ್ದರಲ್ಲಿ ಸ್ವಲ್ಪ ಎಣ್ಣೆಯಲ್ಲಿ ಉಳಿಯುತ್ತದೆ, ಹೆಚ್ಚಿನದು ಹಿಂಡಿಗೆ ಹೋಗುತ್ತದೆ. ಹಿಂಡಿ ಹಸುವಿಗೆ, ಹಸುವಿನಿಂದ ಹಾಲಿಗೆ, ರೂಪ ಬದಲಿಸಿಕೊಂಡು ಅದೇ ವಿಷ. ಆ ಹಾಲು ಕುಡಿಯುವ ಮಗು ನಿಮ್ಮ ಅಂಗಡಿಗೆ ಯಾವತ್ತೂ ಬಂದಿಲ್ಲ, ಬಂದು ಜಗಳ ಮಾಡುವುದೂ ಇಲ್ಲ.

ನೋಡಿ, ಇಪ್ಪತ್ತು ಪರ್ಸೆಂಟ್ ಪಾಮೊಲೀನ್ ಬೆರೆಸುವ ಪಕ್ಕದವರು ಗಿರಾಕಿಯ ಜೇಬಿಗೆ ಕೈ ಹಾಕುತ್ತಿರಬಹುದು. ಕಪ್ಪು ಬೀಜ ಅರೆಯುವ ನೀವು ಗಿರಾಕಿಯ ಯಕೃತ್ತಿಗೆ ಕೈ ಹಾಕುತ್ತಿದ್ದೀರಿ, ಗೊತ್ತಿಲ್ಲದೆ. ಇನ್ನು ಮೇಲೆ ಗೊತ್ತಿದ್ದು. ಮಾತು ಒರಟಾಯಿತು, ಕ್ಷಮಿಸಿ. ಆದರೆ 'ನಾನು ಇಲ್ಲಿಯವರೆಗೆ ಮೋಸ ಮಾಡಿಲ್ಲ' ಎನ್ನುವ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿರಲಿಲ್ಲ, ನೋಡದೆ ಬಿಟ್ಟಿದ್ದರು ಅಷ್ಟೆ.

ಏನು ಮಾಡಬೇಕು? ಬೀಜ ತರುವಾಗ ತೇವ ನೋಡಿ ತನ್ನಿ, ಏಳೆಂಟು ಪರ್ಸೆಂಟ್ ಮೀರಿದ್ದರೆ ಬೇಡ. ಗಾಣಕ್ಕೆ ಹಾಕುವ ಮೊದಲು ಆರಿಸಿ: ಮುರುಟಿದ್ದು, ಬಣ್ಣಗೆಟ್ಟದ್ದು, ಮುಗ್ಗಲು ವಾಸನೆಯದ್ದು ಆಚೆಗೆ. ನೂರಕ್ಕೆ ನಾಲ್ಕು ಕೆಜಿ ಹೋಯಿತು ಎಂದುಕೊಳ್ಳಿ. 12,500 ಕೊಟ್ಟು 96 ಕೆಜಿ ಅರೆದರೆ 42 ಲೀಟರ್ ಚಿಲ್ಲರೆ. ಹಿಂಡಿಯ ದುಡ್ಡು ಕಳೆದರೆ ಲೀಟರ್‌ಗೆ 226ರ ಬದಲು 238 ಬೀಳುತ್ತದೆ. ಒಬ್ಬ ಹೆಣ್ಣಾಳು ದಿನಕ್ಕೆ ಒಂದು ಕ್ವಿಂಟಲ್ ಆರಿಸುತ್ತಾಳೆ, ಕೂಲಿ 400 ಎಂದಿಟ್ಟರೆ ಇನ್ನೊಂದು ಒಂಬತ್ತೂವರೆ. ಒಟ್ಟು 22 ರೂಪಾಯಿ ಹತ್ತಿರ ಏರಿತು. ಅಸಲು 274 ಇದ್ದದ್ದು 296. ಆರಿಸಿ ತೆಗೆದದ್ದನ್ನು ಇನ್ನೊಂದು ಗಾಣಕ್ಕೆ ಕಡಿಮೆ ರೇಟಿಗೆ ದಾಟಿಸಬೇಡಿ, ದನಕ್ಕೂ ಹಾಕಬೇಡಿ. ಸುಟ್ಟುಬಿಡಿ ಅಥವಾ ತಿಪ್ಪೆಗೆ ಹೋಗಲಿ.

ಅಂದರೆ ನಿಮ್ಮ ಎಣ್ಣೆಗೆ ಸರಿಯಾದ ರೇಟು 320 ಅಲ್ಲ, 340 ಅಥವಾ 345. ನೀವು 240ಕ್ಕೆ ಇಳಿಯುವುದು ಹೇಗೆ ಎಂದು ಕೇಳಿದಿರಿ, ನಾನು ಏರಿಸಿ ಎನ್ನುತ್ತಿದ್ದೇನೆ. ನಾನು ಈ ಕಸುಬಿನಲ್ಲಿ ಕಂಡುಕೊಂಡದ್ದು ಇಷ್ಟು: ವ್ಯಾಪಾರಿ ದಾರಿ ತಪ್ಪುವುದು ಬೆರಕೆ ಮಾಡಿದ ದಿನವಲ್ಲ, ತನ್ನಿಂದ ನಿಭಾಯಿಸಲು ಆಗದ ರೇಟನ್ನು ಬೋರ್ಡಿನ ಮೇಲೆ ಬರೆದ ದಿನ. ಬರೆದ ಮೇಲೆ ಬೀಜದಲ್ಲಿ, ತೂಕದಲ್ಲಿ, ಆಳಿನ ಕೂಲಿಯಲ್ಲಿ, ಎಲ್ಲಾದರೂ ಒಂದು ಕಡೆ ಅದನ್ನು ಕಿತ್ತುಕೊಳ್ಳಲೇಬೇಕಾಗುತ್ತದೆ. ದೊಡ್ಡವರ ಕಥೆಯೂ ಇದೇ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಮುಖ್ಯಸ್ಥ ರಾಮಲಿಂಗ ರಾಜು 2009ರ ಜನವರಿ 7ರಂದು ಪತ್ರ ಬರೆದು ಲೆಕ್ಕದಲ್ಲಿ ಇಲ್ಲದ ಸಾವಿರಾರು ಕೋಟಿಯನ್ನು ಒಪ್ಪಿಕೊಂಡಾಗ, ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಇದ್ದ ಅಂತರ ಸಣ್ಣದು ಎಂದೇ ಹೇಳಿಕೊಂಡಿದ್ದರು. ಆ ಲೆಕ್ಕಕ್ಕೆ ಸಹಿ ಹಾಕಿದವರು ಆಡಿಟರ್‌ಗಳೇ ಆದ್ದರಿಂದ ಅಂದು ನಮ್ಮ ಮುಖಕ್ಕೂ ಮಸಿ ಬಳಿದುಕೊಂಡಿತು. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಪಕ್ಕದವರ 240ರ ಬಗ್ಗೆ. ನಿಮ್ಮಷ್ಟೇ ರೇಟಿಗೆ ಬೀಜ ತಂದರೆ ಅವರಿಗೆ ಕಪ್ಪು ಬೀಜ ಸೇರಿಸಿಯೂ 274 ಬೀಳಬೇಕು. ಆದರೂ ಬೆರಕೆ ಎಂದು ಊರಲ್ಲಿ ಹೇಳಿಕೊಂಡು ಓಡಾಡಬೇಡಿ. ಸ್ವಂತ ಹೊಲದ ಶೇಂಗಾ ಇರಬಹುದು. ಹೊಸ ಅಂಗಡಿ ಎಂದು ಕೈಯಿಂದ ಹಾಕುತ್ತಿರಬಹುದು. ಬಾಟಲಿಯಲ್ಲಿ ಎಷ್ಟಿದೆ ಎಂದು ನೋಡಿದ್ದೀರಾ? ನೋಡಲು ಲೀಟರ್ ಬಾಟಲಿಯಂತೆ ಇದ್ದು ಒಳಗೆ 850 ಮಿಲಿ ಇರುವುದು ಮಾರುಕಟ್ಟೆಯಲ್ಲಿ ಹೊಸದಲ್ಲ. ದೊಡ್ಡ ಕಂಪನಿಗಳೇ ಇನ್ನೂ ಚೆಂದದ ಆಟ ಆಡುತ್ತಿದ್ದವು: ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆಯಲ್ಲ, ಪ್ಯಾಕೆಟ್ ಮೇಲೆ 'ಒಂದು ಲೀಟರ್, 60 ಡಿಗ್ರಿಯಲ್ಲಿ' ಎಂದು ಸಣ್ಣಕ್ಷರದಲ್ಲಿ ಬರೆದರೆ ಇಪ್ಪತ್ತು ಗ್ರಾಂ ಕಡಿಮೆ ತುಂಬಬಹುದು. 60 ಡಿಗ್ರಿ ಬಿಸಿಲಿನಲ್ಲಿ ಎಣ್ಣೆ ಕೊಳ್ಳುವವರು ಯಾವ ದೇಶದಲ್ಲಿದ್ದಾರೋ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ತಾಪಮಾನ ಬರೆಯದೆ ಅಳತೆಯನ್ನೂ ತೂಕವನ್ನೂ ಹಾಕಿ ಎಂದು ಹೇಳಬೇಕಾಯಿತು. ನೀವು ಈಗಲೇ ಎರಡನ್ನೂ ಹಾಕಿ: 1 ಲೀಟರ್, 910 ಗ್ರಾಂ. ಬೇಕಾದವರು ತೂಗಿ ನೋಡಿಕೊಳ್ಳಲಿ ಎಂದು ತಕ್ಕಡಿಯನ್ನು ಕೌಂಟರ್ ಮೇಲೆ ಗಿರಾಕಿಯ ಕಡೆ ಮುಖ ಮಾಡಿ ಇಡಿ. ವರ್ಷಕ್ಕೊಮ್ಮೆ ಅದಕ್ಕೆ ಮುದ್ರೆ ಹಾಕಿಸಿ.

ಅನುಮಾನ ತೀರದಿದ್ದರೆ ಕಾನೂನಿನ ದಾರಿ ಇದೆ. ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಯಾವ ಗ್ರಾಹಕನಿಗೂ ಇದೆ, ಆಹಾರ ಸುರಕ್ಷತೆ ಕಾಯಿದೆಯ 40ನೇ ಕಲಮು. ಆದರೆ ಕೊಳ್ಳುವಾಗಲೇ 'ಪರೀಕ್ಷೆಗೆ ಒಯ್ಯುತ್ತಿದ್ದೇನೆ' ಎಂದು ಅಂಗಡಿಯವರಿಗೆ ಹೇಳಬೇಕು. ಮೊಬೈಲಿನಲ್ಲಿ ಓಡಾಡುವ ಫ್ರಿಜ್ ಪರೀಕ್ಷೆಯನ್ನು ನಂಬಬೇಡಿ. ಫ್ರಿಜ್ಜಿನಲ್ಲಿಟ್ಟರೆ ಅಸಲಿ ಶೇಂಗಾ ಎಣ್ಣೆಯೂ ಮಂದವಾಗಿ ಗಟ್ಟಿಯಾಗುತ್ತದೆ. ಅದನ್ನು ನೋಡಿ ನಿಮ್ಮ ಗಿರಾಕಿಯೇ ನಿಮ್ಮನ್ನು ಕಳ್ಳ ಅನ್ನಬಹುದು. ಮೊದಲು ನಿಮ್ಮ ಎಣ್ಣೆಯನ್ನೇ ಒಮ್ಮೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಕಳಿಸಿ, ಅಫ್ಲಾಟಾಕ್ಸಿನ್ ಸೇರಿಸಿ ಕೇಳಿ. ರಿಪೋರ್ಟನ್ನು ಗೋಡೆಗೆ ಹಾಕಿ, ಚೆನ್ನಾಗಿ ಬರದಿದ್ದರೆ ಬೀಜ ಬದಲಿಸಿ ಮತ್ತೆ ಕಳಿಸಿ.

340ಕ್ಕೆ ಯಾರು ಕೊಳ್ಳುತ್ತಾರೆ ಎನ್ನುವುದೇ ಉಳಿದ ಪ್ರಶ್ನೆ. ಎಲ್ಲರೂ ಕೊಳ್ಳುವುದಿಲ್ಲ, 300 ಲೀಟರ್ 200ಕ್ಕೆ ಇಳಿಯಲೂಬಹುದು. ಅದಕ್ಕೆ ನಾನು ನೋಡಿರುವ ಎರಡು ಉಪಾಯ ಹೇಳುತ್ತೇನೆ. ನನ್ನ ಹಳೆಯ ಕ್ಲೈಂಟ್ ಒಬ್ಬರು ಗಾಣದ ಬಾಗಿಲಲ್ಲಿ ಕರಿಹಲಗೆ ಇಟ್ಟಿದ್ದರು. ದಿನಾ ಬೆಳಗ್ಗೆ ಸುಣ್ಣದ ಕಡ್ಡಿಯಲ್ಲಿ ಮೂರು ಸಾಲು: ಇವತ್ತಿನ ಬೀಜದ ರೇಟು, ಹಿಂಡಿಯ ರೇಟು, ಎಣ್ಣೆಯ ರೇಟು. ಮೊದಲು ಜನ ನಕ್ಕರು. ಆಮೇಲೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಲು ಶುರು ಮಾಡಿದರು. ಶೇಂಗಾ ಬೆಳೆಯುವ ಸೀಮೆಯ ಜನಕ್ಕೆ ಎರಡೂಕಾಲರಿಂದ ಎರಡೂವರೆ ಕೆಜಿ ಬೀಜ ಬೇಕು ಒಂದು ಲೀಟರ್‌ಗೆ ಎನ್ನುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೀಜ ಇಳಿದಾಗ ಅವರು ಎಣ್ಣೆಯನ್ನೂ ಇಳಿಸುತ್ತಿದ್ದರು, ಕಷ್ಟದ ಭಾಗ ಅದೇ. ಏರಿಸುವಾಗ ಮಾತ್ರ ಹಲಗೆ ತೋರಿಸಿದರೆ ಎರಡನೇ ಸಲ ಯಾರೂ ನೋಡುವುದಿಲ್ಲ.

ಎರಡನೆಯದು ಅರೆದುಕೊಡುವುದು. ಗಿರಾಕಿ ತನ್ನ ಬೀಜ ತರಲಿ, ಎದುರಿಗೆ ಕೂತಿರಲಿ, ಎಣ್ಣೆಯೂ ಹಿಂಡಿಯೂ ಅವನದೇ, ನಿಮಗೆ ಕೆಜಿಗಿಷ್ಟು ಎಂದು ಅರೆಯುವ ಕೂಲಿ. ಬಂಡವಾಳ ಬೇಡ, ಬೀಜದ ರೇಟಿನ ತಲೆನೋವು ಬೇಡ. ನಮ್ಮ ಅಜ್ಜಂದಿರ ಕಾಲದ ಗಾಣಿಗರು ಬದುಕಿದ್ದೇ ಹೆಚ್ಚಾಗಿ ಹೀಗೆ. ರಿಫೈನ್ಡ್ ಎಣ್ಣೆಯನ್ನೂ ಇಟ್ಟು ಅದರ ಹೆಸರಲ್ಲೇ, ಅದರ ರೇಟಿಗೇ ಮಾರಿದರೆ ತಪ್ಪೇನಿಲ್ಲ. ಎಲ್ಲರಿಗೂ ತಿಂಗಳ ಕೊನೆಗೆ 340 ಕೊಡುವ ಶಕ್ತಿ ಇರುವುದಿಲ್ಲ, ಅವರನ್ನು ಕೀಳಾಗಿ ನೋಡಬೇಕಿಲ್ಲ. 1994ರಲ್ಲಿ ಪಾಮೊಲೀನ್ ಆಮದು ಸಲೀಸಾದ ಮೇಲೆ ಎಣ್ಣೆ ನಗರಿ ಎಂದೇ ಹೆಸರಾದ ನಿಮ್ಮ ಚಳ್ಳಕೆರೆಯ ಎಷ್ಟು ಮಿಲ್ಲುಗಳ ಚಿಮಣಿ ತಣ್ಣಗಾಯಿತು ಎಂದು ಅಪ್ಪನನ್ನು ಕೇಳಿ, ಹೇಳುತ್ತಾರೆ. ಅವರ 'ಎಲ್ರೂ ಮಾಡೋದೇ' ಎನ್ನುವ ಮಾತಿನ ಹಿಂದೆ ಆ ನೋವೂ ಇರಬಹುದು.

ರೈತರಿಂದ ನೇರ ಕೊಳ್ಳುವಾಗ, ಕಸಕ್ಕೆಂದು ತೂಕ ಕಡಿಯುವ 'ಸೂಟ್' ಹೆಸರಿನಲ್ಲಿ ಕ್ವಿಂಟಲ್‌ಗೆ ಕೆಜಿ ಎರಡು ಕೆಜಿ ಕಳೆಯುತ್ತೀರಾ? ಕಳೆಯುತ್ತಿದ್ದರೆ ನಿಲ್ಲಿಸಿ. ಕಸ ಇದ್ದರೆ ರೇಟಿನಲ್ಲಿ ಮಾತಾಡಿ, ತೂಕದಲ್ಲಿ ಬೇಡ.

ಹಬ್ಬದ ಎಣ್ಣೆಯ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಎಣ್ಣೆ ಡಬ್ಬವೂ ಲಂಚವೇ. ಬಲವಂತದಿಂದ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ರಕ್ಷಣೆ ಇದೆ, ನಮ್ಮಲ್ಲಿ ಅದಕ್ಕೆ ಲೋಕಾಯುಕ್ತ ಪೊಲೀಸರು. ಹೇಳುವಷ್ಟು ಸುಲಭವಲ್ಲ, ಗೊತ್ತು. ಆದರೆ ಅಧಿಕಾರಿಗೆ ಹೆದರುವುದು ಯಾರು? ಮುದ್ರೆ ಹಾಕಿಸದ ತಕ್ಕಡಿ, ತಾರೀಖಿಲ್ಲದ ಬಾಟಲಿ ಇಟ್ಟುಕೊಂಡವರು. ನಿಮ್ಮ ಕಾಗದ ಸರಿಯಿದ್ದರೆ 'ಕೊಳ್ಳಿ ಸರ್, ಬಿಲ್ ಕೊಡ್ತೀನಿ' ಎನ್ನಲು ಧೈರ್ಯ ತಾನಾಗಿ ಬರುತ್ತದೆ. ಬಾಯಿಬಿಟ್ಟು ಕೇಳದೆ ಸುಮ್ಮನೆ ನಿಂತವರಿಗೂ ಅದೇ ಉತ್ತರ.

ಕೊನೆಗೆ ನಿಮ್ಮ ಸ್ಟಿಕ್ಕರ್. 'ಕೊಲೆಸ್ಟ್ರಾಲ್ ಇಲ್ಲ' ಎಂದು ಹಾಕಿಸಿದ್ದೀರಿ. ನಿಜ, ಆದರೆ ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಇರುವುದಿಲ್ಲ, ಪಾಮೊಲೀನ್‌ನಲ್ಲೂ. ನಿಮ್ಮದರಲ್ಲಿ ಮಾತ್ರ ಇಲ್ಲ ಎಂಬಂತೆ ಬರೆಯುವುದು ನಿಜವನ್ನೇ ಸುಳ್ಳಿನ ಕೆಲಸಕ್ಕೆ ಹಚ್ಚಿದ ಹಾಗೆ. 'ಸಕ್ಕರೆ ಕಾಯಿಲೆ, ಮಂಡಿನೋವಿಗೆ ಒಳ್ಳೆಯದು' ಎಂಬ ಸಾಲನ್ನಂತೂ ಇವತ್ತೇ ತೆಗೆಯಿರಿ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ಅರೆದ ತಾರೀಖು, ಬ್ಯಾಚ್ ನಂಬರ್ ಇಲ್ಲ, ಅವೆರಡೂ ಬೇಕು. ಪ್ರತಿ ಬ್ಯಾಚಿನಿಂದ ಒಂದು ಸಣ್ಣ ಬಾಟಲಿ ತೆಗೆದು ಆರು ತಿಂಗಳು ಕತ್ತಲೆಯಲ್ಲಿ ಇಟ್ಟಿರಿ, ಯಾರಾದರೂ ದೂರು ತಂದರೆ ತೋರಿಸಲು ನಿಮ್ಮ ಕೈಯಲ್ಲೂ ಏನಾದರೂ ಇರಲಿ.

ಮತ್ತೆ ಆ ಎತ್ತು. ಸ್ಟಿಕ್ಕರ್ ಮೇಲೆ ಜೋಡಿ ಎತ್ತು ಗಾಣ ಸುತ್ತುತ್ತಿವೆ, ಫೋಟೊದ ಹಿನ್ನೆಲೆಯಲ್ಲಿ ನಿಮ್ಮ ಗಾಣಕ್ಕೆ ಐದು ಎಚ್‌ಪಿ ಮೋಟರ್ ಕಾಣುತ್ತಿದೆ. ಮೋಟರ್ ಗಾಣವೆಂದು ನಾಚಬೇಕಾದ್ದು ಏನೂ ಇಲ್ಲ. ಬೆಲ್ಟಿಗೆ ತಗಡಿನ ಕವಚ ಹಾಕಿಸಿ, ಆಳುಗಳ ಪಂಚೆ ಸೆರಗು ಸಿಕ್ಕೀತು. ಸ್ಟಿಕ್ಕರ್ ಇನ್ನೂ ರಾಶಿ ಉಳಿದಿದ್ದರೆ ಬಿಸಾಡಬೇಡಿ, ಬ್ಯಾಚ್ ನಂಬರಿನ ಚೀಟಿಯನ್ನು ಎತ್ತುಗಳ ಮೇಲೆ ಅಂಟಿಸಿ. ಅಳತೆ ನೋಡಿದೆ, ಸರಿಯಾಗಿ ಕೂರುತ್ತದೆ.